ಹಿರುಂದೂವಿನ ನೀಲಿ ಗೆರೆ

ಸಮುದ್ರಕ್ಕೆ ಮರೆವು ಹುಟ್ಟಿದ ಕಾಲದ ಮಾತು. ಆಗ ಹಿರುಂದೂ ದ್ವೀಪದಲ್ಲಿ ಇದ್ದದ್ದು ಒಂದೇ ಮನೆ. ಆ ಮನೆಯಲ್ಲಿ ಒಬ್ಬಳೇ ಮುದುಕಿ, ಅವಳಿಗೊಂದು ಉಯ್ಯಾಲೆ. ವರ್ಷಕ್ಕೊಮ್ಮೆ ಸಮುದ್ರ ಅವಳ ಅಂಗಳಕ್ಕೆ ಬಂದು, ಒದ್ದೆ ಕಾಲು ಒರೆಸಿಕೊಳ್ಳದೆ ನಿಂತು, "ಹೋದ ವರ್ಷ ನಾನು ಎಲ್ಲಿಯವರೆಗೆ ಬಂದಿದ್ದೆ ಅಜ್ಜೀ?" ಎಂದು ಕೇಳುತ್ತಿತ್ತು. "ಹೊಸ್ತಿಲವರೆಗೆ ಬಂದಿದ್ದೆಯಪ್ಪ" ಎಂದರೆ, "ಹಾಗಾದರೆ ಸರಿ, ಈ ಸಲ ಅಷ್ಟೂ ಬೇಡ" ಎಂದು ತಲೆಯಾಡಿಸಿ ಹಿಂದಿರುಗುತ್ತಿತ್ತು. ಒಂದು ವರ್ಷ ನೀರು ಉಯ್ಯಾಲೆಯ ಹಲಗೆ ಮುಟ್ಟಿ ಹಾಸಿಗೆಯೆಲ್ಲ ತೊಯ್ದಿತ್ತು. ಮರುವರ್ಷ ಸಮುದ್ರ ಬಂದು ಕೇಳುವ ಹೊತ್ತಿಗೆ ಬೇರೆ ದ್ವೀಪದ ನೆಂಟರು ಮನೆಯಲ್ಲಿ ಕೂತಿದ್ದರು. ಅವರೆದುರು ಹೇಳಿಕೊಳ್ಳಲು ಮುದುಕಿಗೆ ನಾಚಿಕೆಯಾಯಿತು. "ನೀನು ಬಂದೇ ಇರಲಿಲ್ಲ" ಎಂದುಬಿಟ್ಟಳು. "ಬಂದೇ ಇರಲಿಲ್ಲವೇ? ಹಾಗಾದರೆ ಎರಡು ವರ್ಷದ್ದನ್ನೂ ಒಟ್ಟಿಗೇ ಬರುತ್ತೇನೆ" ಎಂದಿತು ಸಮುದ್ರ.

ಅಜ್ಜಿ ದೊಂಕಂಬುಲೊ ಕಥೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. ಮುಂದೇನಾಯಿತು ಎಂದು ಮೊಮ್ಮಗಳು ಶಿಯೂನಾ ಕೇಳಿದರೆ, "ಮುಂದಿಂದು ಹೇಳೋಕೆ ಮುದುಕಿ ಉಳೀಬೇಕಲ್ಲೇ" ಎಂದು ಅಡಿಕೆ ಚೂರನ್ನು ದವಡೆಗೆ ಒತ್ತಿಕೊಳ್ಳುತ್ತಿದ್ದಳು.

ಆ ಮೊಮ್ಮಗಳಿಗೆ ಈಗ ಮೂವತ್ತೆರಡು. ಐದು ವರ್ಷದ ಮಗಳಿದ್ದಾಳೆ, ಮೀಶಾ. ಗಂಡ ದೂರದ ರೆಸಾರ್ಟೊಂದರಲ್ಲಿ ದೋಣಿ ನಡೆಸುತ್ತಾನೆ, ಎರಡು ತಿಂಗಳಿಗೊಮ್ಮೆ ಬರುತ್ತಾನೆ. ಶಿಯೂನಾ ಹಿರುಂದೂವಿನ ದ್ವೀಪ ಕೌನ್ಸಿಲ್ ಕಚೇರಿಯಲ್ಲಿ ಗುಮಾಸ್ತೆ. ರಾಜಧಾನಿ ಮಾಲೆಯಿಂದ ಬರುವ ಪ್ರತಿ ಪತ್ರವನ್ನೂ ಮೊದಲು ಒಡೆಯುವವಳು ಅವಳೇ. ಆದ್ದರಿಂದ ಆ ಪತ್ರವನ್ನೂ ಮೊದಲು ಓದಿದವಳು ಅವಳೇ.

ಸಮುದ್ರ ಏರುತ್ತಿರುವ ಈ ದಿನಗಳಿಗೆ ದ್ವೀಪ ಕೌನ್ಸಿಲುಗಳನ್ನು ಸಜ್ಜು ಮಾಡಲು ಒಂದು ಸಂಸ್ಥೆ ಮುಂದೆ ಬಂದಿದೆ, ಅವರ ಕಡೆಯ ಲಬೀಬ್ ಎಂಬುವವರು ಬರುತ್ತಾರೆ, ಸಹಕರಿಸಿ ಎಂದು ಪತ್ರದಲ್ಲಿತ್ತು. ಅಷ್ಟೇ ಆಗಿದ್ದರೆ ಅವಳು ಅದನ್ನು ಕಡತಕ್ಕೆ ಸೇರಿಸಿ ಮರೆತುಬಿಡುತ್ತಿದ್ದಳು. ಕೊನೆಗೊಂದು ಸಾಲಿತ್ತು: ಕಳೆದ ಬಾರಿ ಸಮುದ್ರದ ನೀರು ನುಗ್ಗಿದ ಮನೆಗಳ ವಿವರ ಸಿದ್ಧವಾಗಿಡಿ.

ದಕ್ಷಿಣಕ್ಕೆ ಒಂದು ಗಂಟೆಯ ದಾರಿಯಲ್ಲಿರುವ ಬೋಶಿದೂ ದ್ವೀಪಕ್ಕೂ ಹೀಗೆಯೇ ಯಾರೋ ಪುಸ್ತಕ ಹಿಡಿದು ಬಂದಿದ್ದರು. ಮನೆ ಮನೆಗೆ ಹೋಗಿ ನೀರು ಎಲ್ಲಿಯವರೆಗೆ ಬಂತು ಎಂದು ಕೇಳಿದ್ದರು. ಅದಾದ ಮೂರನೇ ವರ್ಷಕ್ಕೆ, ಈ ದ್ವೀಪ ವಾಸಕ್ಕೆ ಯೋಗ್ಯವಲ್ಲ ಎಂದು ಇಡೀ ಊರನ್ನು ದೊಡ್ಡ ದ್ವೀಪದ ನಾಲ್ಕು ಮಹಡಿ ಕಟ್ಟಡಗಳಿಗೆ ಸಾಗಿಸಿದರು. ಈಗ ಬೋಶಿದೂವಿನವರು ವರ್ಷಕ್ಕೊಂದು ದಿನ ದೋಣಿಯಲ್ಲಿ ಬಂದು ತಮ್ಮವರ ಗೋರಿಗಳ ಸುತ್ತ ಕಸ ಗುಡಿಸಿ ಹೋಗುತ್ತಾರೆ.

ಅವಳು ಪತ್ರವನ್ನು ಕೌನ್ಸಿಲ್ ಅಧ್ಯಕ್ಷ ಇದ್ರೀಸನ ಮೇಜಿನ ಮೇಲಿಡುವ ಮೊದಲೇ ಪಕ್ಕದ ಮನೆಯ ಹವ್ವಾಫುಳುವಿನ ಹಿತ್ತಿಲಿಗೆ ಓಡಿದಳು.

"ದತ್ತಾ," ಎಂದಳು. ಹಿರಿಯ ಹೆಂಗಸರನ್ನು ಎಲ್ಲರೂ ಅಕ್ಕನೆಂದು ಕರೆಯುವುದೇ ಹಾಗೆ. "ಯಾರೋ ಬರ್ತಾರಂತೆ, ಲೆಕ್ಕ ಕೇಳೋಕೆ. ನೀರು ಬಂದಿತ್ತು ಅಂತ ಮಾತ್ರ ಹೇಳ್ಬೇಡಿ. ಅಂಗಳ ಒದ್ದೆ ಆಯ್ತು ಅನ್ನಿ, ಸಾಕು."

"ಗೋಡೆ ಮೇಲೆ ಉಪ್ಪು ಗೀರಿದ್ದು ಹಾಗೇ ಇದೆಯಲ್ಲೇ. ಅದಕ್ಕೇನು ಹೇಳೋದು, ಗೋಡೆ ಬೆವರಿತ್ತು ಅಂತಲಾ?"

ಹೌದು, ಗೆರೆ ಎಲ್ಲರ ಮನೆಯಲ್ಲೂ ಇತ್ತು. ಹಿಂದಿನ ವರ್ಷ, ದ್ವೀಪದವರು ಅದಾ ಎನ್ನುವ ಆರಿದ್ರಾ ನಕ್ಷತ್ರದ ಮಳೆಯ ಒಂದು ಶುಕ್ರವಾರ, ಸಮುದ್ರ ಉಬ್ಬಿ ಮೊದಲು ಅವರಿಬ್ಬರ ಈ ಪೂರ್ವದ ಬೀದಿಗೆ, ಆಮೇಲೆ ಊರಿಗೆಲ್ಲ ನುಗ್ಗಿತ್ತು. ಇಳಿದುಹೋಗುವಾಗ ಹವಳದ ಕಲ್ಲಿನ ಗೋಡೆಗಳ ಮೇಲೆ ಬಿಳಿ ಪುಡಿಯ ಗೆರೆಯೊಂದನ್ನು ಬಿಟ್ಟಿತ್ತು. ಒರೆಸಿದರೆ ಹೋಗುತ್ತಿತ್ತು, ವಾರದಲ್ಲಿ ಮತ್ತೆ ಬರುತ್ತಿತ್ತು.

"ಸುಣ್ಣ ಹೊಡೀರಿ" ಎಂದಳು ಶಿಯೂನಾ.

ಹತ್ತು ದಿನಗಳಲ್ಲಿ ಇಡೀ ಹಿರುಂದೂ ಸುಣ್ಣ ಹೊಡೆದುಕೊಂಡಿತು. ಸುಣ್ಣ ಸಾಲದವರು ದೋಣಿಗೆ ಬಳಿದು ಮಿಕ್ಕಿದ ಬಣ್ಣ ತೆಗೆದರು. ಒಂದು ಮನೆ ಹಳದಿ, ಒಂದು ಮನೆ ಹಸಿರು. ಮೀನುಗಾರ ಮೂಫಿದನ ಮನೆಯಂತೂ ಮುಂದೆ ಕೆಂಪು, ಹಿಂದೆ ಬೂದು. ಬಣ್ಣ ಅಲ್ಲಿಗೆ ಮುಗಿದಿತ್ತು.

ಲಬೀಬ್ ಮಂಗಳವಾರದ ದೋಣಿಯಲ್ಲಿ ಬಂದ. ಸಣಕಲು ಮೈ, ಬಿಸಿಲಿಗೆ ಕಿರಿದಾದ ಕಣ್ಣು, ಹೆಗಲ ಮೇಲೆ ಮೂರು ಕಾಲಿನ ಅಳತೆಯ ಯಂತ್ರ. ಬಂದವನೇ ಸುತ್ತ ನೋಡಿ, "ಊರೆಲ್ಲ ಹೊಸ ಬಣ್ಣ. ಮದುವೆ ಏನಾದ್ರೂ ಇದೆಯಾ?" ಎಂದ.

"ಇದೆ" ಎಂದ ಇದ್ರೀಸ್.

"ಯಾರದು?"

ಇದ್ರೀಸ್ ಶಿಯೂನಾಳ ಮುಖ ನೋಡಿದ. ಶಿಯೂನಾ ಸಮುದ್ರ ನೋಡಿದಳು. "ಇನ್ನೂ ಗೊತ್ತಾಗಿಲ್ಲ" ಎಂದ ಇದ್ರೀಸ್.

ಲಬೀಬ್ ನಗಲಿಲ್ಲ. ಅದನ್ನೂ ಬರೆದುಕೊಂಡನೇನೋ ಎಂದು ಶಿಯೂನಾಳಿಗೆ ಅನುಮಾನವಾಯಿತು. ಅಂದಿನಿಂದ ಅವನು ಮಾಡಿದ್ದರಲ್ಲೆಲ್ಲ ಊರಿಗೆ ಅನುಮಾನ. ಎಡಗೈಯಲ್ಲಿ ಬರೆಯುತ್ತಾನೆ, ನಾವು ಓದಬಾರದೆಂದು ಕೈ ಅಡ್ಡ ಇಡುತ್ತಾನೆ. ಗೋರಿಗಳ ಕಡೆ ಎರಡು ಸಲ ಹೋಗಿ ನಿಂತಿದ್ದ, ಒಂದು ಸಲವಾದರೆ ಪ್ರಾರ್ಥನೆ, ಎರಡು ಸಲ ಯಾಕೆ? ಅಳೆದ ಜಾಗದಲ್ಲೆಲ್ಲ ನೆಲಕ್ಕೊಂದು ನೀಲಿ ಚುಕ್ಕೆ ಇಡುತ್ತಾನೆ. "ಅವು ದೋಣಿ ಹತ್ತೋ ಸರತಿ" ಎಂದ ಮೂಫಿದ್. "ಮೊದಲ ದೋಣಿಗೆ ನೀಲಿ ಚುಕ್ಕೆಯೋರು." ಮರುದಿನ ಆ ಬೀದಿಯ ಚುಕ್ಕೆಗಳೆಲ್ಲ ಮಾಯವಾಗಿದ್ದವು. ಬೆಳಿಗ್ಗೆ ಬೀದಿ ಗುಡಿಸುವ ಹೆಂಗಸರು ಅಂದು ಪೊರಕೆಯನ್ನು ಸ್ವಲ್ಪ ಒತ್ತಿಯೇ ಎಳೆದಿದ್ದರು.

ಮನೆ ಮನೆಗೆ ಅವನ ಜೊತೆ ಪುಸ್ತಕ ಹಿಡಿದು ಹೋದವಳು ಶಿಯೂನಾ. ಅವನು ಎಲ್ಲರನ್ನೂ ಕೇಳಿದ್ದು ಎರಡೇ ಪ್ರಶ್ನೆ. ನೀರು ಎಲ್ಲಿಯವರೆಗೆ ಬಂತು? ಬಂದರೆ ಎಲ್ಲಿಗೆ ಹೋಗುತ್ತೀರಿ?

"ಎಲ್ಲಿಗೂ ಹೋಗಲ್ಲ" ಎಂದಳು ಹವ್ವಾಫುಳು, ಸೊಂಟದ ಮೇಲೆ ಕೈಯಿಟ್ಟು. "ನೀನು ಎಲ್ಲಿಗೆ ಹೋಗ್ತೀಯಾ ಹೇಳು, ಆಮೇಲೆ ನೋಡೋಣ."

"ನಾನು ಕೇಳಿದ್ದು ಆ ಹೊತ್ತಿಗೆ, ದತ್ತಾ. ಒಂದೆರಡು ಗಂಟೆಗೆ."

"ಒಂದೆರಡು ಗಂಟೆಗೂ ಹೋಗಲ್ಲ."

ಶಿಯೂನಾಳ ಮನೆಯಲ್ಲಿ ಅಜ್ಜಿ ಉಯ್ಯಾಲೆಯ ಮೇಲಿದ್ದಳು. ಎರಡು ವರ್ಷದಿಂದ ಅವಳ ಕಾಲು ನೆಲಕ್ಕೆ ಊರುತ್ತಿರಲಿಲ್ಲ. ಆದರೂ ಹೆಬ್ಬೆರಳಿನಿಂದ ನೆಲ ತಳ್ಳಿಕೊಂಡು ತೂಗಿಕೊಳ್ಳುತ್ತಿದ್ದಳು. ಲಬೀಬ್ ಮಂಡಿಯೂರಿ ಕೂತು ಕೇಳಿದ. ಅಜ್ಜಿ ಮೊಮ್ಮಗಳ ಕಡೆ ನೋಡಿದಳು.

"ಅವಳನ್ನೇ ಕೇಳು. ಬರೆಯೋಳೂ ಅವಳೇ, ನೋಡಿದೋಳೂ ಅವಳೇ."

"ಅಂಗಳ ಒದ್ದೆಯಾಗಿತ್ತು. ಅಷ್ಟೇ" ಎಂದಳು ಶಿಯೂನಾ. ಹಾಗೆಂದೇ ಬರೆದಳು. ಆ ಶುಕ್ರವಾರ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು, ಮೀಶಾಳನ್ನು ಕಂಕುಳಲ್ಲಿ ಅವುಚಿಕೊಂಡು, ಸೊಂಟ ಮುಳುಗುವ ನೀರಿನಲ್ಲಿ ಮಸೀದಿಯವರೆಗೆ ನಡೆದಿದ್ದಳು. ದ್ವೀಪದ ನಡುವಿನ ಮಸೀದಿಯ ಅಂಗಳದಲ್ಲಿ ಮಾತ್ರ ನೆಲ ಒಣಗಿತ್ತು. ಲಬೀಬ್ ಅವಳ ಬರಹವನ್ನು ನೋಡಿದ, ಅವಳನ್ನು ನೋಡಿದ, ಎದ್ದ. ಅಜ್ಜಿಯ ಹೆಬ್ಬೆರಳು ಉಯ್ಯಾಲೆಯನ್ನು ನಿಲ್ಲಿಸಿತ್ತು. ಅಂದು ಸಂಜೆ ಗರುಡಿಯಾ ಎಂಬ ಮೀನಿನ ಸಾರಿಗೆ ನಿಂಬೆ ಹಿಂಡಿಕೊಡುವಾಗಲೂ ಅವಳು ಮೊಮ್ಮಗಳ ಜೊತೆ ಮಾತಾಡಲಿಲ್ಲ.

ಎರಡು ತಿಂಗಳಾಯಿತು. ಸುಣ್ಣದ ಕೆಳಗಿಂದ ಉಪ್ಪು ಮೆಲ್ಲಗೆ ಮೇಲೆ ಬಂದು, ಗೋಡೆಗಳು ಆ ಗೆರೆಯ ನೇರಕ್ಕೇ ಹೊಪ್ಪಳಿಕೆ ಏಳತೊಡಗಿದವು. ಜನ ಕೆರೆದು ಮತ್ತೆ ಬಳಿದರು. ಅಷ್ಟರಲ್ಲಿ ಲಬೀಬ್ ಯೋಜನೆಯ ಕರಡು ಹಿಡಿದುಕೊಂಡು ಮತ್ತೆ ಬಂದ. ಅದನ್ನು ಕೌನ್ಸಿಲಿಗೆ ಕೊಟ್ಟು, ಇನ್ನೆರಡು ದ್ವೀಪಗಳಿಗೆ ಹೋಗಿ, ಎಂಟನೇ ದಿನ ಮರಳಿ ಬರುತ್ತೇನೆ, ಆಗ ಮೊಹರು ಒತ್ತಿ ಕೊಡಿ, ಆಮೇಲೆ ಬದಲಾಯಿಸಲು ಆಗುವುದಿಲ್ಲ ಎಂದ.

ಕರಡಿನ ಕೊನೆಯ ಪುಟದಲ್ಲಿ ಹಿರುಂದೂವಿನ ನಕ್ಷೆಯಿತ್ತು. ಗಟ್ಟಿ ಕಂಬಗಳ ಮೇಲೆ ಒಂದು ಆಸರೆಯ ಕಟ್ಟಡ. ಅದರಡಿ ಇಡೀ ಊರಿಗೆ ಹದಿನೈದು ದಿನ ಸಾಲುವ ಕುಡಿಯುವ ನೀರಿನ ತೊಟ್ಟಿಗಳು. ಸಮುದ್ರ ನುಗ್ಗುವ ಸೂಚನೆ ಬಂದ ಕೂಡಲೇ ಊರೆಲ್ಲ ಅಲ್ಲಿಗೆ ಹೋಗಿ ಸೇರಬೇಕು. ಕಟ್ಟಡದ ಗುರುತು ಎಲ್ಲಿದೆಯೆಂದು ಶಿಯೂನಾ ಬೆರಳಿಟ್ಟು ಹುಡುಕಿದಳು. ಬೆರಳು ಪೂರ್ವದ ಬೀದಿಯ ತುದಿಯಲ್ಲಿ, ಶಿಶುಶಾಲೆಯ ಅಂಗಳದಲ್ಲಿ ನಿಂತಿತು.

ಅವಳು ನಕ್ಷೆಯನ್ನು ತಲೆಕೆಳಗು ಮಾಡಿಯೂ ನೋಡಿದಳು. ಜಾಗ ಅದೇ. ಹವಳದ ದಂಡೆಯಲ್ಲಿ ದೋಣಿಗಳಿಗೆಂದು ಹಿಂದೆ ಒಡೆದ ಕಂಡಿ ಇರುವುದು ಸರಿಯಾಗಿ ಅದರ ಎದುರಿಗೆ. ಅಲೆ ಮೊದಲು ನುಗ್ಗುವುದೇ ಅಲ್ಲಿ, ಮಸೀದಿ ಮುಟ್ಟುವ ಮೊದಲೇ ಅದರ ಬಲ ಕುಗ್ಗುತ್ತದೆ. ಆದರೆ ಮೂರು ಕಾಲಿನ ಯಂತ್ರಕ್ಕೆ ಕಂಡದ್ದು ನೆಲದ ಎತ್ತರ ಮಾತ್ರ. ಪೂರ್ವದ ಬೀದಿಯ ನೆಲ ಮಸೀದಿಯ ನೆಲಕ್ಕಿಂತ ಒಂದೂವರೆ ಗೇಣು ಎತ್ತರ. ಮೇಲಾಗಿ ಆ ಬೀದಿಯ ಮೂವತ್ತೊಂದು ಮನೆಯವರೂ ನೀರು ಮನೆಯೊಳಗೆ ಬಂದೇ ಇಲ್ಲ ಎಂದು ಬರೆಸಿದ್ದರು, ಬೇರೆ ಬೀದಿಯವರು ಇಷ್ಟು ಒಮ್ಮತದಿಂದ ಸುಳ್ಳು ಹೇಳಿರಲಿಲ್ಲ. ಕರಡಿನಲ್ಲಿ ಒಂದು ಸಾಲು ಹೊಳೆಯುತ್ತಿತ್ತು: ದ್ವೀಪದಲ್ಲಿ ಅತ್ಯಂತ ಸುರಕ್ಷಿತ ಭಾಗ.

ಅವಳ ಕಣ್ಣ ಮುಂದೆ ಒಂದು ಚಿತ್ರ ಬಂದು ನಿಂತಿತು. ಸೂಚನೆಯ ಗಂಟೆ ಬಾರಿಸುತ್ತಿದೆ. ಊರಿಗೆ ಊರೇ ಮಕ್ಕಳನ್ನು ಎತ್ತಿಕೊಂಡು ಸಮುದ್ರದ ಕಡೆಗೆ ಓಡುತ್ತಿದೆ.

ಇದ್ರೀಸನ ಕೋಣೆಗೆ ಹೋಗಿ ಹೇಳಿದಳು. ಅವನು ಬಾಗಿಲು ಮುಂದಕ್ಕೆ ತಳ್ಳಿದ.

"ಸುಮ್ನಿರು. ಕಟ್ಟಡ ಬರ್ತಾ ಇದೆ, ಬರಲಿ. ಎಲ್ಲೋ ಒಂದು ಕಡೆ ಬರಲಿ."

"ಬೇಬೆ," ಎಂದಳು, ಹಿರಿಯರನ್ನು ಅಣ್ಣನೆಂದು ಕರೆಯುವ ರೂಢಿಯಂತೆ. "ಎಲ್ಲೋ ಒಂದು ಕಡೆ ಅಲ್ಲ ಅದು. ಕಂಡಿಯ ಬಾಯಲ್ಲಿ."

"ಈಗ ಹೋಗಿ, ಸ್ವಾಮಿ ನಾವು ಅಷ್ಟೂ ಜನ ಸುಳ್ಳು ಹೇಳಿದ್ವಿ ಅಂತೀಯಾ? ಹೋಗಲಿ, ಅವನು ಬೇಕಂತಲೇ ಅಲ್ಲಿ ಗುರುತು ಹಾಕಿರ್ಬಹುದು. ನಾವೇ ಬಾಯಿಬಿಡ್ಲಿ ಅಂತ. ಬಿಟ್ಟ್ವಿ ಅಂದ್ರೆ ನಮ್ಮ ಕೈಲೇ ಬರೆಸ್ಕೊಂಡ ಹಾಗಾಯ್ತಲ್ಲ, ಹಿರುಂದೂ ಮುಳುಗೋ ಊರು ಅಂತ."

ಅದೂ ಇರಬಹುದು ಎನ್ನಿಸಿತು ಅವಳಿಗೆ. ಆ ಎಡಗೈಯ ಬರಹ, ಎರಡು ಸಲದ ಗೋರಿ, ನಗದ ಮುಖ. ಆದರೂ ಅವಳ ಕಾಲು ದಕ್ಕೆಯ ಕಡೆಗೇ ನಡೆಯಿತು.

ಮಧ್ಯಾಹ್ನದ ದೋಣಿಗೆ ಇನ್ನೂ ಹೊತ್ತಿತ್ತು. ಕಡಲಂಚಿನ ಚಪ್ಪರದಲ್ಲಿ, ಹಗ್ಗದ ಬಲೆ ಹೆಣೆದ ಕುರ್ಚಿಯಲ್ಲಿ ಲಬೀಬ್ ಒರಗಿದ್ದ. ಅವಳು ಎದುರಿನ ಕುರ್ಚಿಯ ಅಂಚಿನಲ್ಲಿ ಕೂತಳು.

"ಒಂದು ಮಾತು ಕೇಳ್ತೀನಿ. ನಮ್ಮನ್ನ ಸಾಗಿಸೋ ಪಟ್ಟಿ ಏನಾದ್ರೂ ಇದೆಯಾ?"

"ನನ್ನ ಹತ್ರ ಇಲ್ಲ."

"ಬೇರೆಯೋರ ಹತ್ರ?"

"ಗೊತ್ತಿಲ್ಲ. ಇಲ್ಲ ಅಂತ ಹೇಳೋಕೆ ನಾನು ಯಾರು? ನಾನು ಕೌನ್ಸಿಲುಗಳಿಗೆ ನಕ್ಷೆ ಮಾಡ್ಕೊಡೋನು. ನಕ್ಷೆ ನಾಳೆ ಯಾರ ಮೇಜಿಗೆ ಹೋಗುತ್ತೋ ನನಗೂ ಗೊತ್ತಾಗಲ್ಲ."

ಇಲ್ಲವೇ ಇಲ್ಲ ಎಂದು ಆಣೆ ಹಾಕಿದ್ದರೆ ಅವಳು ಎದ್ದು ಹೋಗಿಬಿಡುತ್ತಿದ್ದಳು. ಅವನು ಹಾಕಲಿಲ್ಲ. ಅದೇ ಇನ್ನಷ್ಟು ಅನುಮಾನಕ್ಕೆ ಎಡೆಯಾಯಿತು.

"ಗೋರಿ ಹತ್ರ ಎರಡು ಸಲ ಯಾಕೆ ಹೋಗಿದ್ರಿ?"

ಅವನು ಮೊದಲ ಸಲ ಸ್ವಲ್ಪ ನಕ್ಕ. "ಅಷ್ಟೂ ಲೆಕ್ಕ ಇಟ್ಟಿದ್ದೀರಾ? ನಮ್ಮ ತಾಯಿಯ ಅಕ್ಕ ಇಲ್ಲಿಗೆ ಕೊಟ್ಟ ಹೆಣ್ಣು. ಮೊದಲ ದಿನ ಕಲ್ಲು ಸಿಗಲಿಲ್ಲ, ಎರಡನೇ ದಿನ ಸಿಕ್ತು. ನಾನು ಬೋಶಿದೂವಿನವನು."

ಶಿಯೂನಾ ಗೋರಿಗಳ ಕಡೆ ತಿರುಗಿ ನೋಡಿದಳು.

"ನಮ್ಮಲ್ಲೂ ಪುಸ್ತಕ ಹಿಡ್ಕೊಂಡು ಬಂದಿದ್ರು. ನಮ್ಮಜ್ಜ ಬೀದಿಗೆಲ್ಲ ಹೇಳ್ಕೊಟ್ಟಿದ್ದ, ಕಾಲಿನ ಉಂಗುಷ್ಟ ಒದ್ದೆಯಾಯ್ತು ಅನ್ನಿ ಅಂತ. ಇಲ್ಲಿ ತಡೆಗೋಡೆ ಅಗತ್ಯ ಇಲ್ಲ ಅಂತ ಬರ್ಕೊಂಡು ಹೋದ್ರು. ಎರಡು ಸಲ ನೀರು ಬಂತು. ಮೂರನೇ ಸಲಕ್ಕೆ ದೋಣಿ ಬಂತು."

ಇದೂ ಒಂದು ಕಟ್ಟುಕಥೆಯೇ ಆಗಿರಬಹುದು. ಕಥೆ ಕೇಳಿ ಬೆಳೆದವಳಿಗೆ ಕಥೆಯ ಮೇಲೆ ಎಷ್ಟು ಆಸೆಯೋ ಅಷ್ಟೇ ಅನುಮಾನ. ಅವನು ಬೋಶಿದೂವಿನವನೇ ಹೌದೋ ಅಲ್ಲವೋ ಅವಳಿಗೆ ಇಂದಿಗೂ ಗೊತ್ತಿಲ್ಲ. ಆದರೆ ನಕ್ಷೆಯ ಮೇಲಿನ ಆ ಗುರುತು ಕಟ್ಟುಕಥೆಯಾಗಿರಲಿಲ್ಲ. ಅದನ್ನು ಅಲ್ಲಿ ಇಡಿಸಿದ ಮೊದಲ ಸುಳ್ಳೂ ಅವಳದೇ.

"ಪೂರ್ವದ ಬೀದಿಲಿ ನೀರು ಬಂದಿತ್ತು" ಎಂದಳು.

"ಎಷ್ಟು?"

"ಸೊಂಟದವರೆಗೆ. ನನ್ನ ಸೊಂಟ."

ಲಬೀಬ್ ಕಣ್ಣು ಮುಚ್ಚಿ ತೆರೆದ. ಬೈಯುತ್ತಾನೆ ಎಂದುಕೊಂಡಳು. "ನೀವೊಬ್ಬರು ಹೇಳಿದ್ರೆ ಆಗಲ್ಲ" ಎಂದ. "ಮೂವತ್ತೊಂದು ಮನೆಯವರ ಸಹಿ ಇದೆ, ಬಂದಿಲ್ಲ ಅಂತ. ನಿಮ್ಮ ಮಾತು ಬರೆದ್ರೆ ನಾಳೆ ನಿಮ್ಮ ಅಧ್ಯಕ್ಷರೇ ಸುಳ್ಳು ಅಂತಾರೆ."

"ಮೂವತ್ತೊಂದು ಗೋಡೆ ಮೇಲೂ ಗೆರೆ ಎಳೆಸ್ತೀನಿ. ನೀರು ನಿಂತಿದ್ದ ಜಾಗಕ್ಕೆ ಸರಿಯಾಗಿ. ಶಿಶುಶಾಲೆ ಗೋಡೆ ಮೇಲೂ. ನೀವು ಬರೋ ಹೊತ್ತಿಗೆ ಆಗಿರುತ್ತೆ."

"ಒಂದು ಬಿಟ್ಟುಹೋದ್ರೂ..."

"ಬಿಟ್ಟುಹೋಗಲ್ಲ. ಮಾತು ಕೊಟ್ಟಿದ್ದೀನಿ" ಎಂದು ಎದ್ದಳು. ಆಮೇಲೆ, ದಕ್ಕೆಯಿಂದ ಇಪ್ಪತ್ತು ಹೆಜ್ಜೆ ಬಂದ ಮೇಲೆ, ಮಾತು ಕೊಟ್ಟದ್ದು ಯಾರಿಗೆ ಎಂದು ನೆನೆದು ಒಮ್ಮೆ ಹಿಂದಿರುಗಿ ನೋಡಿದಳು.

ನೀಲಿ ಬಣ್ಣದ ಡಬ್ಬಿ ಹಿಡಿದು ಹವ್ವಾಫುಳುವಿನ ಬಾಗಿಲಿಗೆ ಹೋದಾಗ ಅವಳು ರೋಶಿ ರೊಟ್ಟಿ ಲಟ್ಟಿಸುತ್ತಿದ್ದಳು. ಕೇಳಿ ಮುಗಿಯುವವರೆಗೆ ಕೈ ನಿಲ್ಲಿಸಲಿಲ್ಲ.

"ಹತ್ತು ದಿನ ಬೆನ್ನು ಮುರಿದು ಸುಣ್ಣ ಹೊಡೆಸಿದೋಳು ನೀನು. ಈಗ ಅದರ ಮೇಲೆ ಗೆರೆ ಎಳಿ ಅನ್ನೋಳೂ ನೀನು. ಚಪ್ಪರದಲ್ಲಿ ಅವನ ಎದುರು ಕೂತಿದ್ದೆಯಂತೆ, ಮೂಫಿದ್ ನೋಡಿದ್ನಂತೆ. ಏನಂದ? ದೊಡ್ಡ ದ್ವೀಪದಲ್ಲಿ ನಿನಗೊಬ್ಬಳಿಗೆ ಕೆಳಗಿನ ಮಹಡಿ ಕೊಡಿಸ್ತೀನಿ ಅಂದ್ನಾ? ಅಜ್ಜಿಗೆ ಮೆಟ್ಟಿಲು ಹತ್ತೋಕಾಗಲ್ವಲ್ಲ."

ಶಿಯೂನಾ ಡಬ್ಬಿ ಹಿಡಿದುಕೊಂಡೇ ತನ್ನ ಮನೆಗೆ ಹೋದಳು. ಬೀದಿಗೆ ಕಾಣುವ ಗೋಡೆಯ ಮುಂದೆ ನಿಂತು ಕುಂಚ ಅದ್ದಿದಳು. ತೆರೆದ ಬಾಗಿಲಿನ ಒಳಗಿನಿಂದ ನೋಡುತ್ತಿದ್ದ ಅಜ್ಜಿ ಕೂಗಿದಳು, "ಇನ್ನೂ ಮೇಲೆ. ಉಯ್ಯಾಲೆ ಹಲಗೆಗಿಂತ ನಾಲ್ಕು ಬೆರಳು ಮೇಲಿತ್ತು. ನನ್ನ ಬೆನ್ನು ಒದ್ದೆಯಾಗಿದ್ದು ನನಗಲ್ವಾ ಗೊತ್ತು." ಎರಡು ತಿಂಗಳಲ್ಲಿ ಆ ವಿಷಯಕ್ಕೆ ಅಜ್ಜಿ ಆಡಿದ ಮೊದಲ ಮಾತು ಅದು. ಶಿಯೂನಾ ನಾಲ್ಕು ಬೆರಳು ಅಳೆದು ಗೆರೆ ಎಳೆದಳು, ಮನೆಯ ನೆಲಕ್ಕಿಂತ ತಗ್ಗಾದ ಬೀದಿಯಲ್ಲಿ ನಿಂತವಳ ಸೊಂಟಕ್ಕೆ ಅದು ಸರಿಯಾಗಿ ಬಂತು. ಅದರಡಿ ತನ್ನ ಹೆಸರು ಬರೆದಳು.

ಗೆರೆ ಒಣಗುವ ಮೊದಲೇ ಬೀದಿಯವರು ಸೇರಿದರು. ಯಾರೂ ಒಳ್ಳೆಯ ಮಾತಾಡಲಿಲ್ಲ. ಆದರೆ ಯಾರೂ ಅದನ್ನು ಅಳಿಸಲೂ ಇಲ್ಲ. ಮೂರನೇ ದಿನ ಹವ್ವಾಫುಳು ಬಂದು ಡಬ್ಬಿಯನ್ನು ಕೈಯಿಂದ ಕಿತ್ತುಕೊಂಡಳು. "ನನ್ನ ಗೋಡೆಗೆ ನಾನೇ ಹಚ್ತೀನಿ. ನೀನು ಹಚ್ಚಿದ್ರೆ ಎಷ್ಟು ಮೇಲೆ ಹಚ್ತೀಯೋ" ಎಂದಳು. ಹೋಗಿ ತನ್ನ ಗೋಡೆಗೆ, ಮೊಣಕಾಲಿನ ಮಟ್ಟಕ್ಕೆ, ಒಂದು ಗೆರೆ ಎಳೆದಳು.

ಎರಡು ಮನೆಗಳ ನಡುವೆ ಇದ್ದದ್ದು ಒಂದು ದಾಳಿಂಬೆ ಗಿಡ. ಗಿಡದ ಈಚೆ ನೀರು ಸೊಂಟದಷ್ಟು, ಆಚೆ ಮೊಣಕಾಲಿನಷ್ಟು.

"ದತ್ತಾ," ಎಂದಳು ಶಿಯೂನಾ, "ನಿಮ್ಮ ಮನೆಗೆ ಬರೋವಾಗ ಸಮುದ್ರ ತಲೆ ಬಗ್ಗಿಸ್ಕೊಂಡು ಬಂತಾ?"

ಯಾರೋ ಕಿಸಕ್ಕೆಂದರು. ನಕ್ಕವನು ಮೂಫಿದ್. ಹವ್ವಾಫುಳು ಅವನ ಕಡೆ ತಿರುಗಿದಳು. "ನೀನು ನಗ್ತೀಯಾ? ಆವತ್ತು ಮಂಚದ ಮೇಲೆ ಹತ್ತಿ ನಿಂತು ಅಳ್ತಾ ಇದ್ದೆಯಲ್ಲ, ನಿನ್ನ ಗೋಡೆಗೆ ಎಷ್ಟು ಎಳೀತೀಯಾ ನೋಡೋಣ."

ಮೂಫಿದ್ ಮನೆ ಕಟ್ಟುವವರ ಜೊತೆಗೂ ಕೆಲಸ ಮಾಡಿದವನು. ಅಡಿಪಾಯದ ಮಟ್ಟ ನೋಡುವ ಪಾರದರ್ಶಕ ಪೈಪು ಅವನಲ್ಲಿತ್ತು. ಉದ್ದದ ಪೈಪಿನಲ್ಲಿ ನೀರು ತುಂಬಿಸಿ, ಒಂದು ತುದಿಯನ್ನು ಶಿಯೂನಾಳ ಗೆರೆಗೆ ಹಿಡಿದರೆ, ಇನ್ನೊಂದು ತುದಿಯಲ್ಲಿ ನೀರು ತಾನಾಗಿ ಅದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಹವ್ವಾಫುಳುವಿನ ಗೋಡೆಗೆ ಹಿಡಿದರು. ಪೈಪಿನೊಳಗಿನ ನೀರು ಅವಳ ಗೆರೆಯನ್ನು ಬಿಟ್ಟು ಮೇಲೇರಿ, ಸುಣ್ಣ ಹೊಪ್ಪಳಿಕೆ ಎದ್ದ ಜಾಗಕ್ಕೆ ಸರಿಯಾಗಿ ನಿಂತಿತು. ಹವ್ವಾಫುಳು ಹೊಪ್ಪಳಿಕೆಯನ್ನು ಉಗುರಿನಿಂದ ಕೆರೆದಳು. ಕುಂಚ ಎತ್ತಿಕೊಂಡು ಅಲ್ಲಿಗೆ ಎಳೆದಳು. "ಬರಲಿ ಅವನು. ಕೇಳಲಿ" ಎಂದಳು, ಯಾರಿಗೆ ಎಂದಳೋ.

ಅಲ್ಲಿಂದ ಮುಂದೆ ಶಿಯೂನಾ ಯಾರನ್ನೂ ಬೇಡಬೇಕಾಗಲಿಲ್ಲ. ತಮ್ಮ ಗೆರೆಯನ್ನು ನಿಜ ಮಾಡಿಕೊಂಡವರಿಗೆ ಪಕ್ಕದವರ ಮೇಲೆ ಅನುಮಾನ ಶುರುವಾಯಿತು. ನಾವು ಸೊಂಟದವರೆಗೆ ಬರೆಸಿ, ಅವರು ಪಾದದವರೆಗೆ ಬರೆಸಿದರೆ, ದೋಣಿ ಹತ್ತುವವರು ನಾವೊಬ್ಬರೇ ತಾನೆ? ಹಾಗಾಗಿ ಪೈಪನ್ನು ಒಂದು ತುದಿಯಲ್ಲಿ ಈ ಮನೆಯವರು, ಇನ್ನೊಂದು ತುದಿಯಲ್ಲಿ ಆ ಮನೆಯವರು ಬಿಗಿಯಾಗಿ ಹಿಡಿದು, ಕಣ್ಣು ಕಿರಿದು ಮಾಡಿ, "ಎತ್ತಬೇಡ", "ಇಳಿಸಬೇಡ", "ಬೆರಳು ತೆಗಿ" ಎಂದು ಜಗಳವಾಡುತ್ತ ಬೀದಿಯುದ್ದಕ್ಕೂ ಹೋದರು. ಮೂಫಿದನ ಕೆಂಪು ಗೋಡೆಯ ಮೇಲೆ ನೀಲಿ ಗೆರೆ ಎದ್ದು ಕಂಡಿತು. ಈಚೆಗೆ ಬೀಗ ಹಾಕಿ ಮಾಲೆಗೆ ಹೋಗಿದ್ದವರ ಮನೆಗೂ ಎಳೆದು, ಫೋನಿನಲ್ಲಿ ಅವರಿಗೆ ಹೇಳಿ, ಬೈಗುಳ ತಿಂದರು. ಏಳನೇ ದಿನ ಸಂಜೆಗೆ ಮೂವತ್ತೊಂದೂ ಮುಗಿದವು.

ಉಳಿದದ್ದು ಶಿಶುಶಾಲೆ. ಅದು ಕೌನ್ಸಿಲಿನ ಕಟ್ಟಡ, ಅಧ್ಯಕ್ಷರ ಅಪ್ಪಣೆಯಿಲ್ಲದೆ ಅದರ ಗೋಡೆ ಮುಟ್ಟುವಂತಿಲ್ಲ. ಇದ್ರೀಸ್ ಏಳು ದಿನವೂ ಆ ಬೀದಿಗೆ ಕಾಲಿಟ್ಟಿರಲಿಲ್ಲ.

ಎಂಟನೇ ದಿನ ಬೆಳಿಗ್ಗೆ ಅವನು ತಾನಾಗಿಯೇ ಬಂದ. ಲಬೀಬನ ದೋಣಿ ಆಗಲೇ ಕಂಡಿಯ ಹೊರಗೆ ಚುಕ್ಕೆಯಾಗಿ ಕಾಣುತ್ತಿತ್ತು. ಶುಕ್ರವಾರವಾದ್ದರಿಂದ ಶಾಲೆಗೆ ರಜೆ. ನೀರು ಬಂದದ್ದೂ ಶುಕ್ರವಾರವೇ ಆದ್ದರಿಂದ ಅಂದು ಒಳಗೆ ಯಾರೂ ಇರಲಿಲ್ಲ, ಆ ಮಟ್ಟ ಎಷ್ಟಿತ್ತೆಂದು ನೋಡಿದವರೂ ಇರಲಿಲ್ಲ. ಇದ್ರೀಸ್ ಬೀಗ ತೆಗೆದ.

"ಈ ಗೋಡೆಗೆ ಎಳೆಯೋಕೆ ನಾನು ಬಿಡಲ್ಲ" ಎಂದ. "ಮನೆಗಳು ಅವರವರದ್ದು. ಇದು ಸರ್ಕಾರದ ಗೋಡೆ. ಇದರ ಮೇಲೆ ಗೆರೆ ಬಿತ್ತು ಅಂದ್ರೆ ಹಿರುಂದೂ ಒಪ್ಕೊಂಡ ಹಾಗೆ."

"ಎಳೆಯೋದು ಬೇಡ ಬೇಬೆ. ಪೈಪು ಹಿಡೀತೀವಿ. ನೀವು ನೋಡಿ, ಸಾಕು."

ಮೂಫಿದ್ ಒಂದು ತುದಿಯನ್ನು ಎದುರು ಮನೆಯ ಗೆರೆಗೆ ಹಿಡಿದ. ಶಿಯೂನಾ ಇನ್ನೊಂದು ತುದಿಯನ್ನು ಎಳೆದುಕೊಂಡು ಶಾಲೆಯ ಒಳಗೆ ಬಂದಳು. ಒಳಗಿನ ಗೋಡೆಗೆ ಉದ್ದಕ್ಕೂ ಮಕ್ಕಳು ಚೀಲ ತೂಗಿಹಾಕುವ ಗೂಟಗಳಿದ್ದವು. ಪ್ರತಿ ಗೂಟದ ಮೇಲೂ ಒಂದು ಕಾಗದದ ಮೀನು, ಮೀನಿನ ಹೊಟ್ಟೆಯಲ್ಲಿ ಒಂದು ಹೆಸರು. ಗೂಟಗಳು ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿದ್ದವು.

ಪೈಪಿನಲ್ಲಿ ನೀರು ಅತ್ತಿತ್ತ ತುಳುಕಿತು. ಏರಿತು, ಸ್ವಲ್ಪ ಇಳಿಯಿತು, ಮತ್ತೆ ಏರಿತು. ಗೂಟಗಳನ್ನು ದಾಟಿತು. ಮೀನುಗಳನ್ನು ದಾಟಿತು. ಅವುಗಳ ಮೇಲೆ ಒಂದು ಗೇಣು ಎತ್ತರದಲ್ಲಿ, ಅಲುಗಾಡದೆ, ನಿಂತಿತು.

ಮೀಶಾಳ ಹೆಸರು ಎಡದಿಂದ ಐದನೆಯದು. ಶಿಯೂನಾ ಅದರ ಕಡೆ ನೋಡಲಿಲ್ಲ. ಇದ್ರೀಸ್ ಒಂದೊಂದೇ ಮೀನನ್ನು ಓದುತ್ತ ಗೋಡೆಯುದ್ದಕ್ಕೂ ನಡೆದ. ಅವನ ಮೊಮ್ಮಕ್ಕಳ ಹೆಸರು ಎರಡಿದ್ದವು. ಎರಡನೆಯದರ ಮುಂದೆ ನಿಂತು, ಹೆಸರಿನ ಮೇಲೆ ಅಂಗೈ ಇಟ್ಟು, ಅಲ್ಲಿಂದ ಪೈಪಿನ ನೀರಿನವರೆಗೆ ಗೇಣಿಟ್ಟು ಅಳೆದ. ಅಳತೆ ಸರಿ ಬರಲಿಲ್ಲವೆಂಬಂತೆ ಮತ್ತೊಮ್ಮೆ ಅಳೆದ.

"ನಾಳೆ ಅವನು ಇದೇ ಗೆರೆ ತೋರಿಸಿ ನಮ್ಮನ್ನ ದೋಣಿ ಹತ್ತಿಸಿದ್ರೆ?"

"ಗೊತ್ತಿಲ್ಲ ಬೇಬೆ. ಹತ್ತಿಸಬಹುದು."

"ಅವನನ್ನ ನಂಬ್ತೀಯಾ?"

"ಇಲ್ಲ."

"ಮತ್ತೆ?"

"ಇಲ್ಲಿಗೆ ಓಡಿ ಬನ್ನಿ ಅಂತ ಗಂಟೆ ಹೊಡೆಯೋ ಕೆಲಸ ನಂದು, ಬೇಬೆ. ಕೌನ್ಸಿಲ್ ಗುಮಾಸ್ತೆಯೇ ಹೊಡೀಬೇಕು ಅಂತ ಕರಡಿನಲ್ಲಿ ಬರೆದಿದೆ."

ಹೊರಗೆ ದೋಣಿಯ ಎಂಜಿನ್ನಿನ ಸದ್ದು ಕಂಡಿ ದಾಟಿ ಒಳಗೆ ಬಂತು. ಹವ್ವಾಫುಳು ಬಾಗಿಲಲ್ಲಿ ಬಂದು ನಿಂತು, "ದಕ್ಕೆಗೆ ಬಂದಾಯ್ತು" ಎಂದಳು.

ಇದ್ರೀಸ್ ಕೈ ಚಾಚಿದ. ಶಿಯೂನಾ ಕುಂಚ ಕೊಟ್ಟಳು. ಗೆರೆ ಮೊದಲು ವಕ್ರವಾಗಿ ಹೋಯಿತು. ಮೂಫಿದ್ ಹೊರಗಿನಿಂದ ಪೈಪು ಎತ್ತದೆ ಹಿಡಿದಿದ್ದ. ಶಿಯೂನಾ ಒಂದು ಕೈಯಲ್ಲಿ ಪೈಪು ಹಿಡಿದು, ಇನ್ನೊಂದರಲ್ಲಿ ಮರದ ಪಟ್ಟಿ ಆನಿಸಿಕೊಟ್ಟಳು. ಅವನು ಬಾಗಿಲಿನಿಂದ ಕಿಟಕಿಯವರೆಗೆ, ಕಿಟಕಿಯಿಂದ ಮೂಲೆಯವರೆಗೆ, ಇಪ್ಪತ್ತಾರು ಮೀನುಗಳ ಮೇಲೆ ಎಲ್ಲೂ ಕಡಿಯದಂತೆ ನೀಲಿಯನ್ನು ಎಳೆದುಕೊಂಡು ಹೋಗಿ, ಮೂಲೆ ಮುಟ್ಟಿದ ಮೇಲೆ ಕುಂಚವನ್ನು ಡಬ್ಬಿಯೊಳಗೆ ನಿಲ್ಲಿಸಿದ.